ಸ್ಪೈಡರ್‌ಮ್ಯಾನ್ ಓದಬೇಕು ಅಂತ ಆಸೆ, ಆದರೆ ಎಲ್ಲಿಂದ ಶುರು ಮಾಡೋದು?

ಸಿನಿಮಾ ನೋಡಿ ಬಂದಿದ್ದೀರಿ. ಆ ಪಾತ್ರ ತಲೆಯಿಂದ ಇಳಿಯುತ್ತಲೇ ಇಲ್ಲ. ಕಾಮಿಕ್ಸ್ ಓದೋಣ ಅಂತ ಹುಡುಕಿದರೆ ಎದುರಿಗೆ ಬೆಟ್ಟವೇ ನಿಂತಿದೆ. ‘ಅಮೇಜಿಂಗ್ ಸ್ಪೈಡರ್‌ಮ್ಯಾನ್’ ಶುರುವಾಗಿದ್ದು 1963ರಲ್ಲಿ, 2022ರ ಹೊತ್ತಿಗೆ 900 ಸಂಚಿಕೆ ಆಗಿತ್ತು. ಬ್ಯಾಟ್‌ಮ್ಯಾನ್ ಮೊದಲು ಕಾಣಿಸಿಕೊಂಡ ‘ಡಿಟೆಕ್ಟಿವ್ ಕಾಮಿಕ್ಸ್’ 2019ರಲ್ಲಿ ಸಾವಿರ ಮುಟ್ಟಿತು, ಸೂಪರ್‌ಮ್ಯಾನ್‌ನ ‘ಆ್ಯಕ್ಷನ್ ಕಾಮಿಕ್ಸ್’ ಅದಕ್ಕಿಂತ ಒಂದು ವರ್ಷ ಮೊದಲೇ. ಇದು ಬರೀ ಒಂದೊಂದು ಸರಣಿಯ ಲೆಕ್ಕ. ಒಬ್ಬನೇ ಹೀರೋಗೆ ಒಂದೇ ಹೊತ್ತಿಗೆ ಮೂರು ನಾಲ್ಕು ಸರಣಿ ಓಡಿದ್ದೂ ಉಂಟು. ಇದನ್ನು ನೋಡಿ ಎಷ್ಟೋ ಜನ ಅಲ್ಲೇ ಕೈಬಿಡುತ್ತಾರೆ. ಇನ್ನು ಕೆಲವರು ಹಟ ಹಿಡಿದು ಒಂದನೇ ಸಂಚಿಕೆಯಿಂದ ಶುರು ಮಾಡುತ್ತಾರೆ, ಸ್ವಲ್ಪ ದಿನದಲ್ಲಿ ಅವರೂ ಕೈಬಿಡುತ್ತಾರೆ.

ನಾನು ಮಾಡಿದ್ದು ಎರಡನೆಯದನ್ನು. ಎಕ್ಸ್‌-ಮೆನ್ ಸರಣಿಯನ್ನು 1963ರ ಮೊದಲ ಸಂಚಿಕೆಯಿಂದ ಹಿಡಿದು ಸಾಲಾಗಿ ಓದಲು ಕೂತೆ. ಮೂವತ್ತರ ಆಸುಪಾಸಿಗೆ ಬರುವಷ್ಟರಲ್ಲಿ ಸಾಕಾಗಿಹೋಯಿತು. ವುಲ್ವರಿನ್ ಎಲ್ಲಿ? ಸ್ಟಾರ್ಮ್ ಎಲ್ಲಿ? ಇನ್ನೂ ಎಷ್ಟು ಓದಿದರೆ ಬರುತ್ತಾರೆ? ಇದು ನನಗಲ್ಲ ಅಂತ ಮುಚ್ಚಿಟ್ಟೆ. ಆಮೇಲೆ ತಿಳಿದದ್ದು ಇಷ್ಟು. ಆ ಸರಣಿ ಆಗಲೇ ಅಷ್ಟಾಗಿ ಮಾರಾಟವಾಗುತ್ತಿರಲಿಲ್ಲ. 66ನೇ ಸಂಚಿಕೆಗೆ ಹೊಸ ಕಥೆಗಳೇ ನಿಂತುಹೋದವು. 67ರಿಂದ 93ರವರೆಗೆ ಹಳೆಯ ಕಥೆಗಳನ್ನೇ ಮತ್ತೆ ಅಚ್ಚು ಹಾಕಿದರು. ನಾವೆಲ್ಲ ‘ಎಕ್ಸ್‌-ಮೆನ್’ ಅಂದಾಗ ನೆನೆಸಿಕೊಳ್ಳುವ ಸ್ಟಾರ್ಮ್, ನೈಟ್‌ಕ್ರಾಲರ್, ಕೊಲೋಸಸ್ ಹುಟ್ಟಿದ್ದು 1975ರ ‘ಜೈಂಟ್-ಸೈಜ್ ಎಕ್ಸ್‌-ಮೆನ್’ನಲ್ಲಿ. ವುಲ್ವರಿನ್ ಕೂಡ ತಂಡ ಸೇರಿದ್ದು ಅಲ್ಲೇ, ಅದಕ್ಕೆ ಮೊದಲು 1974ರಲ್ಲಿ ಹಲ್ಕ್ ಸರಣಿಯಲ್ಲಿ ಬಂದು ಹೋಗಿದ್ದ. ಅಂದರೆ ನಾನು ಹುಡುಕುತ್ತಿದ್ದ ಸರಣಿ ಶುರುವಾಗಲು ನಾನು ನಿಂತ ಜಾಗದಿಂದ ಇನ್ನೂ ಅರವತ್ತು ಸಂಚಿಕೆ ಬಾಕಿ ಇತ್ತು, ಅದರಲ್ಲಿ ಮೂವತ್ತರ ಹತ್ತಿರ ಮರುಮುದ್ರಣಗಳೇ!

ಈ ಬರಹ ಆ ತಪ್ಪು ನಿಮ್ಮಿಂದ ಆಗಬಾರದು ಅಂತ.

ಸಂಖ್ಯೆ ನೋಡಬೇಡಿ, ಬರೆದವರನ್ನು ನೋಡಿ

ಮೊದಲು ಒಂದು ವಿಷಯ ಮನಸ್ಸಿಗೆ ಹತ್ತಬೇಕು. ಅರವತ್ತು ಎಂಬತ್ತು ವರ್ಷದ ಸರಣಿ ಒಂದು ಕಾದಂಬರಿ ಅಲ್ಲ. ಕಾದಂಬರಿಗೆ ಒಬ್ಬರೇ ಲೇಖಕರು, ಮೊದಲ ಪುಟ ಬರೆಯುವಾಗಲೇ ಕೊನೆಯ ಪುಟ ಅವರ ತಲೆಯಲ್ಲಿ ಅಷ್ಟೋ ಇಷ್ಟೋ ಇರುತ್ತದೆ. ಇಲ್ಲಿ ಪಾತ್ರ ಕಂಪನಿಯದು. ಬರೆಯುವವರು, ಚಿತ್ರ ಬಿಡಿಸುವವರು ಬರುತ್ತಾರೆ, ಕೆಲವು ವರ್ಷ ಇರುತ್ತಾರೆ, ಹೋಗುತ್ತಾರೆ. ಬಂಡಿ ಅದೇ, ಹೊಡೆಯುವವರು ಬೇರೆ. ಒಬ್ಬ ಬರಹಗಾರ ಒಂದು ಸರಣಿಯನ್ನು ಹಿಡಿದು ಬಿಡುವವರೆಗಿನ ಭಾಗಕ್ಕೆ ಕಾಮಿಕ್ಸ್ ಓದುವವರು ‘ರನ್’ ಅನ್ನುತ್ತಾರೆ. ನೀವು ಆರಿಸಬೇಕಾದ್ದು ಸರಣಿಯನ್ನಲ್ಲ, ಈ ರನ್ ಅನ್ನು.

ಡೇರ್‌ಡೆವಿಲ್ ತೆಗೆದುಕೊಳ್ಳಿ. ಮ್ಯಾಟ್ ಮರ್ಡಾಕ್ ಅನ್ನುವ ಕುರುಡು ವಕೀಲ ಮುಖವಾಡ ಹಾಕಿ ಹೀರೋ ಆಗುವ ಕಥೆ, 1964ರಲ್ಲಿ ಶುರುವಾದ ಸರಣಿ. ಫ್ರಾಂಕ್ ಮಿಲ್ಲರ್ 1979ರಲ್ಲಿ 158ನೇ ಸಂಚಿಕೆಗೆ ಚಿತ್ರ ಬಿಡಿಸಲು ಬಂದರು, 1981ರಲ್ಲಿ 168ನೇ ಸಂಚಿಕೆಯಿಂದ ಕಥೆಯನ್ನೂ ತಾವೇ ಬರೆದರು. ಮ್ಯಾಟ್‌ನ ಹಳೆಯ ಪ್ರೇಯಸಿ ಎಲೆಕ್ಟ್ರಾ ಮೊದಲು ಬರುವುದು ಆ 168ರಲ್ಲೇ. ಆಮೇಲೆ 2001ರಲ್ಲಿ ಬ್ರಯಾನ್ ಮೈಕೆಲ್ ಬೆಂಡಿಸ್ ಮತ್ತು ಅಲೆಕ್ಸ್ ಮಲೀವ್, 2011ರಲ್ಲಿ ಮಾರ್ಕ್ ವೇಡ್, 2019ರಲ್ಲಿ ಚಿಪ್ ಜಡಾರ್ಸ್ಕಿ. ಹೆಸರು ಒಂದೇ ಆದರೂ ಒಂದೊಂದರ ರುಚಿ ಬೇರೆ. ಬೆಂಡಿಸ್‌ದು ಪೊಲೀಸ್ ಕಥೆಯ ಹಾಗೆ, ಕತ್ತಲು, ಮಳೆ, ಜಾಸ್ತಿ ಮಾತು. ವೇಡ್ ಬರೆದದ್ದರಲ್ಲಿ ಬೆಳಕಿದೆ, ನಗು ಇದೆ. ಒಂದು ಇಷ್ಟವಾಗದಿದ್ದರೆ ಇನ್ನೊಂದು ಇಷ್ಟವಾಗಬಹುದು. ‘ಡೇರ್‌ಡೆವಿಲ್ ನನಗೆ ಹಿಡಿಸಲಿಲ್ಲ’ ಅಂತ ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದೇ, ಯಾರು ಬರೆದದ್ದು ಓದಿದಿರಿ ಅಂತ.

ಆದರೆ ಎಲ್ಲ ರನ್‌ಗಳ ಶುರುವೂ ಹೊಸಬರಿಗೆ ಬಾಗಿಲಲ್ಲ. ಇದನ್ನು ಯಾರೂ ಸರಿಯಾಗಿ ಹೇಳುವುದಿಲ್ಲ, ಅದಕ್ಕೇ ಒತ್ತಿ ಹೇಳುತ್ತೇನೆ. ಬೆಂಡಿಸ್ ತಮ್ಮ ಕಥೆ ಮುಗಿಸುವಾಗ ಮ್ಯಾಟ್ ಮರ್ಡಾಕ್‌ನನ್ನು ಜೈಲಿಗೆ ಕಳಿಸಿ ಹೋದರು. 2006ರಲ್ಲಿ ಅವರ ನಂತರ ಬಂದ ಎಡ್ ಬ್ರೂಬೇಕರ್ ಆ ಜೈಲಿನಿಂದಲೇ ಶುರು ಮಾಡಿದರು. ಒಳ್ಳೆಯ ಕಥೆ, ಆದರೆ ಅವನು ಯಾಕೆ ಒಳಗೆ ಹೋದ, ಹೊರಗೆ ಯಾರು ಏನು ಕಳೆದುಕೊಂಡರು ಅನ್ನುವುದು ಗೊತ್ತಿಲ್ಲದವರಿಗೆ ಅರ್ಧ ಭಾರವೇ ತಟ್ಟುವುದಿಲ್ಲ. ವೇಡ್ 2011ರಲ್ಲಿ ಮಾಡಿದ್ದು ಬೇರೆ ಥರ. ಹಿಂದೆ ಆಗಿದ್ದನ್ನೆಲ್ಲ ಅವರು ಅಳಿಸಲಿಲ್ಲ. ಈ ಕುರುಡು ವಕೀಲನೇ ಡೇರ್‌ಡೆವಿಲ್ ಅಂತ ಊರಿಗೆಲ್ಲ ಗುಮಾನಿ ಇದೆ, ಕೋರ್ಟಿನಲ್ಲಿ ಎದುರಾಳಿ ವಕೀಲ ಅದನ್ನೇ ಎತ್ತುತ್ತಾನೆ, ವಾದ ಮಾಡಲು ಬಿಡುವುದಿಲ್ಲ. ಇಷ್ಟೂ ಮೊದಲ ಸಂಚಿಕೆಯ ಒಳಗೇ ಇದೆ. ಹಿಂದಿನದನ್ನು ಓದಿರಬೇಕಾಗಿಲ್ಲ, ಹಿಂದಿನದು ಅಲ್ಲಿ ಈಗಿನ ತೊಂದರೆಯಾಗಿ ಬಂದು ನಿಂತಿದೆ.

ಹಾಗಾಗಿ ಒಂದು ರನ್ ಕಣ್ಣಿಗೆ ಬಿದ್ದಾಗ ಎರಡು ಪ್ರಶ್ನೆ ಕೇಳಿಕೊಳ್ಳಿ. ಹಿಂದಿನವರು ತಮ್ಮ ಕಥೆ ಮುಗಿಸಿ ಹೋದರಾ ಅಥವಾ ಅರ್ಧದಲ್ಲಿ ಬಿಟ್ಟು ಹೋದರಾ? ಹೊಸಬರು ಬಂದವರೇ ತಮ್ಮ ಕಥೆ ಶುರು ಮಾಡಿದರಾ ಅಥವಾ ಮೊದಲು ಹಳೆಯ ಗಂಟು ಬಿಡಿಸಿದರಾ? ‘ಸ್ವಾಂಪ್ ಥಿಂಗ್’ನಲ್ಲಿ ಅಲನ್ ಮೂರ್ ಅವರ ಮೊದಲ ಸಂಚಿಕೆ 20ನೆಯದು, ಅದರಲ್ಲಿ ಅವರು ಹಳೆಯ ಎಳೆಗಳನ್ನು ಕಟ್ಟಿಟ್ಟರು. ನಿಜವಾದ ಶುರು 21ರಲ್ಲಿ. ಹೊಸಬರು 21ರಿಂದಲೇ ಓದಬಹುದು, ಏನೂ ನಷ್ಟವಿಲ್ಲ.

‘1’ ಅಂತ ಬರೆದಿದ್ದರೂ ಪೂರ್ತಿ ನಂಬಬೇಡಿ

ಮುಖಪುಟದ ಮೇಲೆ ದೊಡ್ಡದಾಗಿ ಒಂದು ಅಂತ ಇದ್ದರೆ ಹೊಸ ಓದುಗರು ಕೊಳ್ಳುತ್ತಾರೆ, ಮಾರಾಟ ಏರುತ್ತದೆ. ಇದು ಕಂಪನಿಗಳಿಗೆ ಚೆನ್ನಾಗಿ ಗೊತ್ತು. ಅದಕ್ಕೇ ಮತ್ತೆ ಮತ್ತೆ ಒಂದರಿಂದ ಎಣಿಸುತ್ತಾರೆ. ‘ಅಮೇಜಿಂಗ್ ಸ್ಪೈಡರ್‌ಮ್ಯಾನ್’ಗೆ 1963ರಲ್ಲಿ ಒಂದನೇ ಸಂಚಿಕೆ ಬಂತು. 1999ರಲ್ಲಿ ಮತ್ತೊಂದು. 2014, 2015, 2018, 2022ರಲ್ಲಿ ಮತ್ತೆ ಮತ್ತೆ. ಮಧ್ಯದಲ್ಲಿ 2003ರಲ್ಲಿ ಹಳೆಯ ಎಣಿಕೆಗೇ ವಾಪಸ್ ಹೋಗಿ 500ನೇ ಸಂಚಿಕೆ ಅಂತ ಹಾಕಿದರು. ಬ್ಯಾಟ್‌ಮ್ಯಾನ್, ಸೂಪರ್‌ಮ್ಯಾನ್ ಕಥೆಗಳನ್ನು ಹೊರತರುವ ಡಿಸಿ ಕಂಪನಿ 2011ರಲ್ಲಿ ಒಟ್ಟಿಗೆ 52 ಸರಣಿಗಳನ್ನು ಒಂದರಿಂದ ಶುರು ಮಾಡಿತು. 2016ರಲ್ಲಿ ‘ಆ್ಯಕ್ಷನ್ ಕಾಮಿಕ್ಸ್’ ಹಳೆಯ ಎಣಿಕೆಗೆ ಮರಳಿ 957 ಆಯಿತು.

ಇದರಲ್ಲಿ 2014ರ ಸ್ಪೈಡರ್‌ಮ್ಯಾನ್ ಒಂದನೇ ಸಂಚಿಕೆಯನ್ನೇ ನೋಡಿ. ಹೊಸಬರಿಗೆ ಸರಿಯಾದ ಜಾಗ ಅಂತ ಅನಿಸುತ್ತದೆ ಅಲ್ವಾ? ಅದಕ್ಕೆ ಹಿಂದಿನ ಒಂದು ವರ್ಷಕ್ಕೂ ಜಾಸ್ತಿ ಕಾಲ ಪೀಟರ್ ಪಾರ್ಕರ್‌ನ ಮೈಯಲ್ಲಿ ಡಾಕ್ಟರ್ ಆಕ್ಟೋಪಸ್‌ನ ಮನಸ್ಸಿತ್ತು, ಅವನೇ ಸ್ಪೈಡರ್‌ಮ್ಯಾನ್ ಆಗಿ ಓಡಾಡಿದ್ದ, ಪೀಟರ್ ಹೆಸರಲ್ಲಿ ಕಂಪನಿ ಕಟ್ಟಿದ್ದ, ಪ್ರೀತಿ ಮಾಡಿದ್ದ. 2014ರ ಕಥೆ ಪೀಟರ್ ತನ್ನ ಮೈಗೆ ವಾಪಸ್ ಬಂದ ಮೇಲಿನದು. ಬರೆಯುತ್ತಿದ್ದವರೂ ಅದೇ ಡ್ಯಾನ್ ಸ್ಲಾಟ್. ಅಂದರೆ ಅದು ಒಂದನೆಯದಲ್ಲ, ನಡೆಯುತ್ತಿದ್ದ ಕಥೆಯ ಮುಂದಿನ ಅಧ್ಯಾಯ.

ಇದಕ್ಕೆ ಉಲ್ಟಾ ಉದಾಹರಣೆಯೂ ಇದೆ. ಅದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಅದು ನನಗೆ ಬಹಳ ಇಷ್ಟದ ಸಂಚಿಕೆ.

337ನೇ ಸಂಚಿಕೆಯೂ ಬಾಗಿಲೇ

1983ರ ‘ಥಾರ್’ 337. ವಾಲ್ಟರ್ ಸೈಮನ್‌ಸನ್ ಬರೆದು ಬಿಡಿಸಿದ ಮೊದಲ ಸಂಚಿಕೆ. ಮುಖಪುಟದಲ್ಲಿ ಥಾರ್‌ನ ಬಟ್ಟೆ ತೊಟ್ಟ, ಕುದುರೆ ಮುಖದ ಒಬ್ಬ ಸುತ್ತಿಗೆ ಬೀಸುತ್ತಿದ್ದಾನೆ. ಆ ಸುತ್ತಿಗೆಯ ಏಟಿಗೆ ಮೇಲಿರುವ ಸರಣಿಯ ಹೆಸರೇ ಚೂರುಚೂರಾಗಿ ಸಿಡಿಯುತ್ತಿದೆ. ಹಳೆಯದು ಮುಗಿಯಿತು ಅಂತ ಇದಕ್ಕಿಂತ ಸ್ಪಷ್ಟವಾಗಿ ಹೇಗೆ ಹೇಳೋದು?

ಒಳಗೆ ಹೋದರೆ ಮೊದಲಿಗೆ ಸಿಗುವುದು ಥಾರ್ ಅಲ್ಲ. ಎಲ್ಲೋ ದೂರದಲ್ಲಿ, ಕತ್ತಲಲ್ಲಿ, ಬೃಹತ್ತಾದ ಯಾರೋ ಕಾದ ಲೋಹವನ್ನು ಬಡಿಯುತ್ತಿದ್ದಾರೆ. ಒಂದೊಂದು ಏಟಿಗೂ ‘ಡೂಮ್’ ಅನ್ನುವ ಶಬ್ದ ಪುಟದ ತುಂಬ ಅಕ್ಷರವಾಗಿ ನಿಲ್ಲುತ್ತದೆ. ಯಾರು ಅವನು? ಏನು ಮಾಡುತ್ತಿದ್ದಾನೆ? ಹೇಳುವುದಿಲ್ಲ. ಹೊಸ ಓದುಗರು ಇಲ್ಲಿ ಗಾಬರಿಯಾಗುತ್ತಾರೆ, ಹಿಂದಿನ 336 ಸಂಚಿಕೆ ಓದಿದ್ದರೆ ಗೊತ್ತಾಗುತ್ತಿತ್ತೇನೋ ಅಂತ. ಇಲ್ಲ! ಆ 336ನ್ನೂ ಓದಿದವರಿಗೂ ಆವತ್ತು ಗೊತ್ತಿರಲಿಲ್ಲ. ಆ ಬಡಿತ ಮುಂದಿನ ಸಂಚಿಕೆಗಳಲ್ಲಿ ಆಗಾಗ ಕೇಳಿಸುತ್ತಲೇ ಇರುತ್ತದೆ, ತಿಂಗಳುಗಟ್ಟಲೆ ಕಾಯಿಸಿ ಆಮೇಲೆ ಉತ್ತರ ಕೊಡುತ್ತಾರೆ.

ಇನ್ನೊಂದು ದೃಶ್ಯ. ಆಕಾಶದಲ್ಲಿ ತೇಲುವ ನೌಕೆಯೊಳಗೆ ಆ ಕುದುರೆ ಮುಖದವನಿಗೂ ಥಾರ್‌ಗೂ ಹೊಡೆದಾಟ. ಸುತ್ತಿಗೆ ಕೈತಪ್ಪಿ ಥಾರ್ ಮಾಮೂಲಿ ಮನುಷ್ಯನಾಗುತ್ತಾನೆ, ಸುತ್ತಿಗೆ ಬರೀ ಊರುಗೋಲಾಗುತ್ತದೆ. ಎದುರಾಳಿ ಆ ಕೋಲನ್ನು ಎತ್ತಿಕೊಂಡು ಸಿಟ್ಟಿನಲ್ಲಿ ಗೋಡೆಗೆ ಬಡಿಯುತ್ತಾನೆ. ಮಿಂಚು. ನೋಡಿದರೆ ಥಾರ್‌ನ ಶಕ್ತಿಯೆಲ್ಲ ಅವನ ಮೈಗೆ ಬಂದಿದೆ. ಯೋಗ್ಯತೆ ಇದ್ದವರು ಮಾತ್ರ ಎತ್ತಬಲ್ಲ ಸುತ್ತಿಗೆ ಅದು. ಇಷ್ಟು ಗೊತ್ತಿದ್ದರೆ ಸಾಕು, ಅದನ್ನೂ ಕಥೆಯೇ ಹೇಳುತ್ತದೆ. ಹಾಗಾದರೆ ಈ ವಿಕಾರ ಮುಖದವನು ರಾಕ್ಷಸ ಅಲ್ವಾ? ಅವನೂ ಯೋಗ್ಯನಾ? ಮುಂದಿನ ಸಂಚಿಕೆ ತೆರೆಯಲು ಈ ಒಂದು ಪ್ರಶ್ನೆ ಸಾಕು.

ನಾನು ಇದನ್ನು ಇಷ್ಟು ಬಿಡಿಸಿ ಹೇಳಿದ್ದು ಯಾಕೆಂದರೆ, ಗೊತ್ತಾಗದ ಜಾಗ ಬಂದಾಗಲೆಲ್ಲ ತಪ್ಪು ತಮ್ಮದೇ ಅಂತ ಹೊಸಬರು ಅಂದುಕೊಳ್ಳುತ್ತಾರೆ. ಅರ್ಧ ಸಲ ಅದು ಬರೆದವರು ಬೇಕಂತಲೇ ಮುಚ್ಚಿಟ್ಟದ್ದು. ಇನ್ನರ್ಧ ಸಲ ಅದು ಹಿಂದಿನ ಯಾವುದೋ ಸಂಗತಿ, ಗೊತ್ತಿಲ್ಲದಿದ್ದರೂ ಕಥೆ ನಿಲ್ಲುವುದಿಲ್ಲ. ಹಳೆಯ ಸಂಚಿಕೆಗಳಲ್ಲಿ ನಕ್ಷತ್ರ ಚಿಹ್ನೆ ಹಾಕಿ ಚೌಕಟ್ಟಿನ ಕೆಳಗೆ ‘ಇಂಥ ಸಂಚಿಕೆ ನೋಡಿ’ ಅಂತ ಸಂಪಾದಕರ ಟಿಪ್ಪಣಿ ಇರುತ್ತದೆ. ಅದನ್ನು ನೋಡಿ ಓದುವುದು ನಿಲ್ಲಿಸಿ ಆ ಸಂಚಿಕೆ ಹುಡುಕಲು ಹೋಗಬೇಡಿ. ಆ ಕಾಲದ ಓದುಗರ ಹತ್ತಿರವೂ ಅದು ಇರುತ್ತಿರಲಿಲ್ಲ. ಅಂಗಡಿಯಲ್ಲಿ ಆ ತಿಂಗಳು ಯಾವುದು ಸಿಕ್ಕಿತೋ ಅದನ್ನೇ ಓದಿ, ಉಳಿದದ್ದನ್ನು ಊಹಿಸಿಕೊಂಡು ಅವರು ಬೆಳೆದರು. ಈ ಸರಣಿಗಳು ಕಟ್ಟಿರುವುದೇ ಮಧ್ಯದಿಂದ ಬರುವವರಿಗಾಗಿ.

ಮೂರು ಸಂಚಿಕೆ ಕೊಟ್ಟು ನೋಡಿ

ಆರಿಸಿದ್ದು ಸರಿಯಾ ಅಂತ ಹೇಗೆ ಗೊತ್ತಾಗುತ್ತದೆ? ಮೂರು ಸಂಚಿಕೆ ಓದಿ. ಈಗಿನ ಒಂದು ಸಂಚಿಕೆಯಲ್ಲಿ ಕಥೆ ಇರುವುದು ಸುಮಾರು ಇಪ್ಪತ್ತು ಪುಟ, ಮೂರೂ ಸೇರಿ ಒಂದು ಗಂಟೆಯ ಕೆಲಸ. ಮೊದಲ ಸಂಚಿಕೆ ಮುಗಿದಾಗ ಈ ಮನುಷ್ಯ ಯಾರು, ಅವನಿಗೆ ಏನು ಬೇಕು, ಅಡ್ಡ ಬಂದಿರುವುದು ಏನು, ಇಷ್ಟು ನಿಮಗೆ ಹೇಳಲು ಬರಬೇಕು. ಗೊತ್ತಿಲ್ಲದ ಹೆಸರು ಎಷ್ಟು ಬಂದವು ಅಂತ ಎಣಿಸಬೇಡಿ. ಮೂರನೆಯದು ಮುಗಿದ ಮೇಲೆ ನಾಲ್ಕನೆಯದು ತಾನಾಗೇ ತೆರೆದುಕೊಂಡರೆ ನೀವು ಸರಿಯಾದ ಜಾಗದಲ್ಲಿದ್ದೀರಿ. ಬಲವಂತ ಮಾಡಬೇಕಾದರೆ ಬಿಡಿ. ಮುಂದೆ ಚೆನ್ನಾಗಿ ಆಗುತ್ತೆ, ಮೂವತ್ತು ಸಂಚಿಕೆ ತಡ್ಕೊಳ್ಳಿ ಅಂತ ಯಾರು ಹೇಳಿದರೂ ಕೇಳಬೇಡಿ.

ಒಳ್ಳೆಯ ಮೊದಲ ಸಂಚಿಕೆ ಹೇಗಿರುತ್ತದೆ ಅನ್ನುವುದಕ್ಕೆ 2011ರ ‘ಬ್ಯಾಟ್‌ಮ್ಯಾನ್’ ಒಂದನೆಯದನ್ನು ನೋಡಬಹುದು. ಸ್ಕಾಟ್ ಸ್ನೈಡರ್ ಬರೆದದ್ದು, ಗ್ರೆಗ್ ಕಪುಲ್ಲೋ ಚಿತ್ರ. ಬ್ರೂಸ್ ವೇನ್ ಮನೆಯಲ್ಲಿ ದೊಡ್ಡ ಪಾರ್ಟಿ. ಅವನ ಕಣ್ಣಲ್ಲಿ ಒಂದು ಲೆನ್ಸ್, ಎದುರಿಗೆ ಬಂದವರ ಮುಖ ಗುರುತಿಸಿ ಪಕ್ಕದಲ್ಲಿ ಹೆಸರು ತೋರಿಸುತ್ತದೆ. ಡಿಕ್ ಗ್ರೇಸನ್ ಯಾರು, ಟಿಮ್ ಯಾರು, ಡೇಮಿಯನ್ ಯಾರು, ಎಲ್ಲ ಅವನು ನೋಡುತ್ತಿದ್ದಂತೆ ನಮಗೂ ಗೊತ್ತಾಗುತ್ತದೆ. ಪರಿಚಯ ಮಾಡಿಸುತ್ತಿದ್ದಾರೆ ಅಂತ ಅನಿಸುವುದೇ ಇಲ್ಲ, ಏಕೆಂದರೆ ಅದು ಅವನ ಕೆಲಸದ ಒಂದು ಸಲಕರಣೆ ಅಷ್ಟೇ.

ಇಲ್ಲಿಂದ ಮಾತ್ರ ಬೇಡ

ಎಲ್ಲ ಹೀರೋಗಳೂ ಒಟ್ಟಿಗೆ ಬರುವ ದೊಡ್ಡ ಕಥೆಗಳಿಂದ ಶುರು ಮಾಡಬೇಡಿ. ಸಿನಿಮಾಕ್ಕೂ ಅದೇ ಹೆಸರು ಇರುವುದರಿಂದ ‘ಸಿವಿಲ್ ವಾರ್’ ಕೈಗೆತ್ತಿಕೊಳ್ಳುವವರು ತುಂಬಾ ಜನ. ಮುಖ್ಯ ಕಥೆ ಏಳೇ ಸಂಚಿಕೆ ಅಂತ ಕಾಣುತ್ತದೆ, ಆದರೆ ಅದರ ಕೊಂಬೆಗಳು ಆಗಿನ ಹತ್ತಾರು ಸರಣಿಗಳಲ್ಲಿ ಹರಡಿಕೊಂಡಿವೆ. ಯಾರು ಯಾರ ಸ್ನೇಹಿತರು ಅಂತ ಗೊತ್ತಿಲ್ಲದೆ ಅವರು ಜಗಳ ಆಡಿದರೆ ನಮಗೆ ಏನು ನೋವಾಗುತ್ತದೆ? 1985ರ ‘ಕ್ರೈಸಿಸ್ ಆನ್ ಇನ್‌ಫಿನಿಟ್ ಅರ್ತ್ಸ್’ ಕೂಡ ಹಾಗೇ. ಹನ್ನೆರಡು ಸಂಚಿಕೆ, ಪುಟ ತುಂಬ ಪಾತ್ರಗಳು, ಜಾರ್ಜ್ ಪೆರೆಜ್ ಬಿಡಿಸಿದ ಒಂದೊಂದು ಪುಟವನ್ನೂ ಗಂಟೆಗಟ್ಟಲೆ ನೋಡಬಹುದು. ಆದರೆ ಅದು ಅಲ್ಲಿಯವರೆಗಿನ ಐವತ್ತು ವರ್ಷದ ಕಥೆಗಳಿಗೆ ಹಾಕಿದ ಮುಕ್ತಾಯ. ಸೂಪರ್‌ಗರ್ಲ್ ಸಾಯುತ್ತಾಳೆ, ಫ್ಲ್ಯಾಶ್ ಸಾಯುತ್ತಾನೆ. ಅವರ ಜೊತೆ ಒಂದು ದಿನವೂ ಇರದವರಿಗೆ ಅದು ಬರೀ ಸುದ್ದಿ. ಆ ಪಾತ್ರಗಳ ಹಳೆಯ ಕಥೆ ಸ್ವಲ್ಪವಾದರೂ ಓದಿದ ಮೇಲೆ ಅದೇ ಪುಟ ಕೈಯಲ್ಲಿ ಹಿಡಿದರೆ ಗಂಟಲು ಕಟ್ಟುತ್ತದೆ, ಅಷ್ಟು ವ್ಯತ್ಯಾಸ.

ಹುಟ್ಟಿನ ಕಥೆಯಿಂದ ಶುರು ಮಾಡಲೇಬೇಕು ಅಂತಲೂ ಇಲ್ಲ. ಸ್ಪೈಡರ್‌ಮ್ಯಾನ್‌ಗೆ ಜೇಡ ಕಚ್ಚಿದ್ದು, ಬ್ರೂಸ್ ವೇನ್ ಅಪ್ಪ ಅಮ್ಮನನ್ನು ಕಳೆದುಕೊಂಡದ್ದು ನಿಮಗೆ ಗೊತ್ತೇ ಇದೆ. 1962ರಲ್ಲಿ ಸ್ಟ್ಯಾನ್ ಲೀ ಮತ್ತು ಸ್ಟೀವ್ ಡಿಟ್ಕೊ ಸ್ಪೈಡರ್‌ಮ್ಯಾನ್‌ನ ಹುಟ್ಟನ್ನು ಹನ್ನೊಂದೇ ಪುಟದಲ್ಲಿ ಹೇಳಿ ಮುಗಿಸಿದರು. ಅದನ್ನೇ 2000ದಲ್ಲಿ ‘ಅಲ್ಟಿಮೇಟ್ ಸ್ಪೈಡರ್‌ಮ್ಯಾನ್’ನಲ್ಲಿ ಏಳು ಸಂಚಿಕೆಗೆ ಎಳೆದರು, ಅಲ್ಲೂ ಚೆನ್ನಾಗಿಯೇ ಇದೆ, ಏಕೆಂದರೆ ಬೆನ್ ಅಂಕಲ್ ಸಾಯುವ ಮೊದಲು ನಾವು ಅವರ ಜೊತೆ ಸಾಕಷ್ಟು ದಿನ ಇರುತ್ತೇವೆ. ಇನ್ನು ‘ಆಲ್-ಸ್ಟಾರ್ ಸೂಪರ್‌ಮ್ಯಾನ್’ನಲ್ಲಿ ಗ್ರಾಂಟ್ ಮಾರಿಸನ್ ಮತ್ತು ಫ್ರಾಂಕ್ ಕ್ವೈಟ್ಲಿ ಸೂಪರ್‌ಮ್ಯಾನ್‌ನ ಹುಟ್ಟಿನ ಇಡೀ ಕಥೆಯನ್ನು ಒಂದೇ ಪುಟದ ನಾಲ್ಕು ಚಿತ್ರಗಳಲ್ಲಿ ಹೇಳಿಬಿಡುತ್ತಾರೆ. ನಾಶವಾಗುವ ಗ್ರಹ, ತಂದೆ ತಾಯಿ, ಹಾರಿ ಹೋಗುವ ನೌಕೆ, ಕೆಳಗೆ ಬಾಗಿ ನೋಡುತ್ತಿರುವ ವಯಸ್ಸಾದ ದಂಪತಿ. ಪುಟ ತಿರುಗಿಸಿದರೆ ಕಥೆ ಶುರು. ಹುಟ್ಟಿನ ಕಥೆಗೆ ಬೇಕಾದ್ದು ಅಷ್ಟೇ ಜಾಗ ಅಂತ ನನಗೂ ಅನಿಸುತ್ತದೆ.

ಹಳೆಯದನ್ನು ಓದೋದು ಹೇಗೆ

ಅರವತ್ತರ ದಶಕದ ಕಾಮಿಕ್ಸ್ ನಿಮಗೆ ಬೇಕಿದ್ದರೆ ಖಂಡಿತ ಓದಿ, ಆದರೆ ಈಗಿನದ್ದರ ವೇಗದಲ್ಲಿ ಓದಬೇಡಿ. ಪುಟಕ್ಕೆ ಪುಟ ಮಾತು ತುಂಬಿರುತ್ತದೆ. ಚಿತ್ರದಲ್ಲಿ ಕಾಣುವುದನ್ನೇ ಪಾತ್ರ ಬಾಯಿಬಿಟ್ಟು ಮತ್ತೆ ಹೇಳುತ್ತದೆ. ಎಪ್ಪತ್ತು ಎಂಬತ್ತರ ದಶಕದ ಕ್ರಿಸ್ ಕ್ಲೇರ್‌ಮಾಂಟ್ ಎಕ್ಸ್‌-ಮೆನ್‌ನಲ್ಲೂ ವುಲ್ವರಿನ್‌ನ ಉಗುರು ಯಾವ ಲೋಹದ್ದು ಅಂತ ಮತ್ತೆ ಮತ್ತೆ ನೆನಪಿಸುತ್ತಾರೆ. ಒಂದೇ ದಿನ ಹತ್ತು ಸಂಚಿಕೆ ಓದಿದರೆ ತಲೆ ಚಿಟ್ಟು ಹಿಡಿಯುತ್ತದೆ. ಅದನ್ನು ಬರೆದದ್ದು ತಿಂಗಳಿಗೊಂದು ಓದುವವರಿಗೆ, ಅವತ್ತೇ ಮೊದಲ ಸಲ ಕೈಗೆತ್ತಿಕೊಂಡವರಿಗೆ. ದಿನಕ್ಕೆ ಒಂದು, ಹೆಚ್ಚೆಂದರೆ ಎರಡು ಓದಿ. ಆಗ ಅದೇ ಮಾತುಗಳು ಹಿತವಾಗುತ್ತವೆ.

ರುಚಿ ನೋಡಲು ಸುಮ್ನೆ ‘ಅಮೇಜಿಂಗ್ ಸ್ಪೈಡರ್‌ಮ್ಯಾನ್’ 31ರಿಂದ 33 ಓದಿ. ಮೂರೇ ಸಂಚಿಕೆ. ಮೇ ಆಂಟಿಗೆ ಕಾಯಿಲೆ, ಔಷಧಿ ಸ್ಪೈಡರ್‌ಮ್ಯಾನ್‌ನ ಕಣ್ಣೆದುರೇ ಬಿದ್ದಿದೆ, ಅವನು ಬೆಟ್ಟದಂಥ ಯಂತ್ರದ ಕೆಳಗೆ ಸಿಕ್ಕಿಕೊಂಡಿದ್ದಾನೆ, ಮೇಲಿಂದ ನೀರು ಸೋರುತ್ತಿದೆ. 33ನೇ ಸಂಚಿಕೆಯಲ್ಲಿ ಡಿಟ್ಕೊ ಅವನನ್ನು ಪುಟಗಟ್ಟಲೆ ಅಲ್ಲೇ ಇಡುತ್ತಾರೆ. ಅವನು ಯಂತ್ರವನ್ನು ಒಂಚೂರು ಎತ್ತಿದಂತೆಲ್ಲ ಚೌಕಟ್ಟುಗಳು ದೊಡ್ಡದಾಗುತ್ತಾ ಹೋಗುತ್ತವೆ, ಕೊನೆಗೆ ಒಂದು ಇಡೀ ಪುಟದಲ್ಲಿ ಅವನು ಎದ್ದು ನಿಲ್ಲುತ್ತಾನೆ. ಹಿಂದಿನ ಮೂವತ್ತು ಓದಿರದಿದ್ದರೂ ಆ ಪುಟಕ್ಕೆ ಬಂದಾಗ ನೀವೂ ಉಸಿರು ಹಿಡಿದಿರುತ್ತೀರಿ.

ಕೊಳ್ಳುವ ಮೊದಲು

ಬಿಡಿ ಸಂಚಿಕೆ ಹುಡುಕುವುದಕ್ಕಿಂತ ಸಂಕಲನಗಳು ಸುಲಭ. ಆದರೆ ಬೆನ್ನ ಮೇಲೆ ‘ಸಂಪುಟ 1’ ಅಂತ ಇದ್ದರೆ ಅದು ಹೆಚ್ಚಾಗಿ ಆ ರನ್‌ನ ಮೊದಲ ಪುಸ್ತಕ ಅಂತ, ಇಡೀ ಸರಣಿಯದ್ದಲ್ಲ. ಹಿಂಬದಿಯಲ್ಲೋ ಒಳಗಿನ ಸಣ್ಣ ಅಕ್ಷರದ ಪುಟದಲ್ಲೋ ಇದರಲ್ಲಿ ಯಾವ ಯಾವ ಸಂಚಿಕೆ ಸೇರಿವೆ ಅಂತ ಬರೆದಿರುತ್ತಾರೆ, ಸರಣಿ ಶುರುವಾದ ವರ್ಷವನ್ನೂ ಸಾಮಾನ್ಯವಾಗಿ ಜೊತೆಗೆ ಹಾಕುತ್ತಾರೆ. ಆ ವರ್ಷವೇ ನಿಮ್ಮ ಗುರುತು. ಮಾರ್ವೆಲ್‌ನ ‘ಎಪಿಕ್ ಕಲೆಕ್ಷನ್’ ಪುಸ್ತಕಗಳಲ್ಲಿ ಇನ್ನೊಂದು ಗೊಂದಲ ಇದೆ. ಅವುಗಳ ಸಂಖ್ಯೆ ಕಥೆಯ ಕಾಲಕ್ಕೆ ಸರಿಯಾಗಿರುತ್ತದೆ, ಆದರೆ ಆ ಕ್ರಮದಲ್ಲಿ ಅಚ್ಚಾಗುವುದಿಲ್ಲ. ಏಳು ಸಿಕ್ಕಿ ಆರು ಸಿಗದಿದ್ದರೆ ಗಾಬರಿ ಬೇಡ. ಓಮ್ನಿಬಸ್ ಅನ್ನುವ ದಪ್ಪ ಪುಸ್ತಕವನ್ನು ಮೊದಲ ಸಲಕ್ಕೇ ಕೊಳ್ಳಬೇಡಿ. ದುಡ್ಡೂ ಜಾಸ್ತಿ, ಇಷ್ಟವಾಗದಿದ್ದರೆ ಆ ತೂಕ ಕಪಾಟಿನಲ್ಲಿ ಕೂತು ಚುಚ್ಚುತ್ತಿರುತ್ತದೆ. ಚಂದಾ ಕಟ್ಟಿ ಓದುವ ಆ್ಯಪ್‌ಗಳಲ್ಲಿ ಎಲ್ಲವೂ ಬೆರಳ ತುದಿಯಲ್ಲಿ ಸಿಗುತ್ತದೆ ನಿಜ, ಅದಕ್ಕೇ ಮೊದಲೇ ನಿರ್ಧಾರ ಮಾಡಿಕೊಂಡು ಹೋಗಿ. ಇಲ್ಲದಿದ್ದರೆ ಮುಖಪುಟ ನೋಡುತ್ತಲೇ ಸಂಜೆ ಕಳೆದುಹೋಗುತ್ತದೆ.

ಒಬ್ಬರೇ ಬರಹಗಾರರು ಶುರುವಿನಿಂದ ಕೊನೆಯವರೆಗೆ ಬರೆದ ಸರಣಿಯಾದರೆ ಇಷ್ಟೆಲ್ಲ ಯೋಚನೆಯೇ ಬೇಡ. ರಾಬರ್ಟ್ ಕರ್ಕ್‌ಮನ್ ಅವರ ‘ಇನ್‌ವಿನ್ಸಿಬಲ್’ 2003ರಿಂದ 2018ರವರೆಗೆ 144 ಸಂಚಿಕೆ, ಒಂದೇ ಕಥೆ. ಅಲ್ಲಿ ಒಂದನೇ ಸಂಚಿಕೆ ನಿಜವಾಗಲೂ ಒಂದನೆಯದೇ.

ನನ್ನನ್ನು ಕೇಳಿದರೆ

ಹಲ್ಕ್ ಆದರೆ ಕಣ್ಣುಮುಚ್ಚಿ 2018ರ ‘ಇಮ್ಮಾರ್ಟಲ್ ಹಲ್ಕ್’. ಅಲ್ ಯೂಯಿಂಗ್ ಬರೆದದ್ದು, ಐವತ್ತು ಸಂಚಿಕೆಗೆ ಮುಗಿಯುತ್ತದೆ. ಪೆಟ್ರೋಲ್ ಬಂಕ್ ದರೋಡೆಯಲ್ಲಿ ಗುಂಡು ಬಿದ್ದು ಬ್ರೂಸ್ ಬ್ಯಾನರ್ ಸಾಯುತ್ತಾನೆ. ರಾತ್ರಿಯಾಗುತ್ತದೆ, ಹಲ್ಕ್ ಎದ್ದು ಕೂರುತ್ತಾನೆ. ಇದು ದೆವ್ವದ ಕಥೆಯಂತೆ ಸಾಗುತ್ತದೆ, ರಾತ್ರಿ ಒಬ್ಬರೇ ಓದಿದರೆ ಸ್ವಲ್ಪ ಭಯವೂ ಆಗುತ್ತದೆ. ಬ್ಯಾಟ್‌ಮ್ಯಾನ್ ಆದರೆ 1987ರ ‘ಇಯರ್ ಒನ್’, ನಾಲ್ಕೇ ಸಂಚಿಕೆ, ಆಮೇಲೆ ಮೇಲೆ ಹೇಳಿದ ಸ್ನೈಡರ್ ರನ್. ಕ್ಯಾಪ್ಟನ್ ಅಮೆರಿಕಾದ ವಿಂಟರ್ ಸೋಲ್ಜರ್ ಸಿನಿಮಾ ಇಷ್ಟವಾಗಿದ್ದರೆ ಬ್ರೂಬೇಕರ್ ಮತ್ತು ಸ್ಟೀವ್ ಎಪ್ಟಿಂಗ್ 2005ರಲ್ಲಿ ಶುರು ಮಾಡಿದ್ದು. ಸೂಪರ್‌ಹೀರೋ ಕಥೆಯೇ ಹೊಸದು ಅನ್ನುವವರಿಗೆ 2014ರ ‘ಮಿಸ್ ಮಾರ್ವೆಲ್’. ಕಮಲಾ ಖಾನ್ ಕೂಡ ನಿಮ್ಮ ಹಾಗೇ ಈ ಹೀರೋಗಳ ಅಭಿಮಾನಿ, ಅವಳ ಜೊತೆಗೇ ನೀವೂ ಒಳಗೆ ಹೋಗುತ್ತೀರಿ. ಡೇರ್‌ಡೆವಿಲ್‌ಗೆ ವೇಡ್. ಎಕ್ಸ್‌-ಮೆನ್‌ಗೆ 1975ರ ‘ಜೈಂಟ್-ಸೈಜ್’, ಅಲ್ಲಿಂದ 94ನೇ ಸಂಚಿಕೆ, ಹಾಗೇ ಮುಂದೆ. ಹಳೆಯ ಶೈಲಿ ಆಗುವುದೇ ಇಲ್ಲ ಅಂದರೆ 2019ರ ‘ಹೌಸ್ ಆಫ್ ಎಕ್ಸ್’ ಮತ್ತು ‘ಪವರ್ಸ್ ಆಫ್ ಎಕ್ಸ್’, ಆರಾರು ಸಂಚಿಕೆ. ಎರಡನ್ನೂ ಬೆರೆಸಿ ಓದಬೇಕು, ಸಂಕಲನದಲ್ಲಿ ಕ್ರಮ ಸರಿಯಾಗಿ ಜೋಡಿಸಿದ್ದಾರೆ.

ಒಂದು ರನ್ ಮುಗಿದ ಮೇಲೆ ಮುಂದಕ್ಕೇ ಹೋಗಬೇಕು ಅಂತಿಲ್ಲ. ಬರೆದವರು ಇಷ್ಟವಾದರೆ ಅವರ ಬೇರೆ ಸರಣಿ ಹಿಡಿಯಿರಿ, ಚಿತ್ರ ಇಷ್ಟವಾದರೆ ಚಿತ್ರಕಾರರನ್ನು ಹಿಡಿಯಿರಿ. ಯಾವುದೋ ಸಣ್ಣ ಪಾತ್ರ ಕಾಡಿದರೆ ಅದರ ಹಿಂದೆ ಹೋಗಿ. ಹಿಂದಕ್ಕೂ ಹೋಗಬಹುದು. ಕ್ಲೇರ್‌ಮಾಂಟ್ ಮತ್ತು ಜಾನ್ ಬರ್ನ್ ಎಕ್ಸ್‌-ಮೆನ್ ಅನ್ನು 1980ರ ಡಾರ್ಕ್ ಫೀನಿಕ್ಸ್ ಕಥೆಯವರೆಗೆ ಓದಿ ಮುಗಿಸಿದ ಮೇಲೆ ನಾನು ಅದೇ 1963ರ ಒಂದನೇ ಸಂಚಿಕೆಯನ್ನು ಮತ್ತೆ ತೆಗೆದೆ. ಹೊಸ ವಿದ್ಯಾರ್ಥಿನಿ ಬರುತ್ತಿದ್ದಾಳೆ ಅಂತ ಗೊತ್ತಾಗಿ ಹುಡುಗರೆಲ್ಲ ಕಿಟಕಿಗೆ ಮುಗಿಬೀಳುತ್ತಾರೆ. ಮೊದಲ ಸಲ ಓದಿದಾಗ ಆ ಪುಟವನ್ನು ಬೇಗ ಬೇಗ ತಿರುಗಿಸಿದ್ದೆ. ಈ ಸಲ ಬರುತ್ತಿರುವುದು ಜೀನ್ ಗ್ರೇ ಅಂತ ಗೊತ್ತಿತ್ತು, ಡಾರ್ಕ್ ಫೀನಿಕ್ಸ್ ಆಗಿ ಅವಳಿಗೆ ಮುಂದೆ ಏನಾಗುತ್ತದೆ ಅಂತಲೂ ಗೊತ್ತಿತ್ತು. ಆ ಪುಟದಿಂದ ಮುಂದಕ್ಕೆ ಹೋಗಲು ತುಂಬಾ ಹೊತ್ತು ಹಿಡಿಯಿತು.